ಒಳಗೋ ಹೊರಗೋ ಸಾಯಬಣ್ಣ
ಶಹಾಪುರದ ದರ್ಜಿ ಸಾಯಬಣ್ಣ ಅಂಗಿಗೆ ಒಂದು ಕಿಸೆಯೋ ಎರಡೋ ಎಂಬುದನ್ನೂ ಓಣಿಯವರನ್ನೆಲ್ಲ ಕೇಳಿಯೇ ಹೊಲಿಯುವವನು. ಇನ್ನು ಮಗಳು ಸಾಕಿದ ಜೋಡಿ ಗಿನಿಯಿಲಿಗಳ ಪಂಜರವನ್ನು ಮನೆಯೊಳಗೆ ಇಡಬೇಕೋ ಹೊರಗೆ ಇಡಬೇಕೋ ಎಂದರೆ ಮುಗಿದೇಹೋಯಿತು. ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಇಡುತ್ತಾನೆ. ಪಕ್ಕದ ಮನೆಯ ನಜೀಮಾ, "ಬೆಕ್ಕು ಬಿಡ್ತಾವೇನ್ರಿ ಅಣ್ಣಾ?" ಎಂದರೆ ಸಾಕು, ಪಂಜರ ಒಳಗೆ. ಒಳಗೆ ಹೆಂಡತಿ ಮೆಣಸಿನಕಾಯಿ ಹುರಿದರೆ ಇಲಿಗಳಿಗಿಂತ ಮೊದಲು ತಾನೇ ಸೀನಿ, ಮತ್ತೆ ಹೊರಗೆ. ಬಿಸಿಲೇರಿದರೆ ನೀರಿನ ಕೊಡಕ್ಕೆ ಸುತ್ತಿದ ಹಸಿ ಗೋಣಿತಟ್ಟನ್ನೇ ಬಿಚ್ಚಿ ಪಂಜರಕ್ಕೆ ಹೊದಿಸುತ್ತಾನೆ. ಆಮೇಲೆ ಥಂಡಿ ಹತ್ತೀತೆಂದು ಗಾಬರಿಯಾಗಿ ಒಳಗೆ ಓಡುತ್ತಾನೆ. ಯಾವುದೂ ಬೇಡವೆಂದು ಒಮ್ಮೆ ಹೊಸ್ತಿಲ ಮೇಲೆಯೇ ಇಟ್ಟ. "ಲಕ್ಷ್ಮಿ ಬರೋ ಹೊಸ್ತಿಲಿಗೆ ಇಲಿ ಕೂಡ್ಸೀರೇನ್ರಿ?" ಎಂದು ಹೆಂಡತಿ ಬೈದಳು. "ನನಗೇನೂ ತಿಳೀವಲ್ದು," ಎಂದು ತಲೆ ಕೆರೆದುಕೊಂಡ. ಆದರೆ ಗಂಡನ ಮನೆ ಬಿಟ್ಟು ಬಂದ ಆ ಮಗಳು ಮಲ್ಲೇಶ್ವರಿ, ಒಂದು ಕೈಯಲ್ಲಿ ಈ ಪಂಜರ, ಇನ್ನೊಂದರಲ್ಲಿ ಬಟ್ಟೆಯ ಪೆಟ್ಟಿಗೆ ಹಿಡಿದು ಅಂಗಳದಲ್ಲೇ ನಿಂತು, "ಅಪ್ಪಾ, ಒಳಗ ಬರ್ಲ್ಯಾ?" ಎಂದ ದಿನ ಸಾಯಬಣ್ಣ ಯಾರನ್ನೂ ಕೇಳಲಿಲ್ಲ. ಪೆಟ್ಟಿಗೆ ತೆಗೆದುಕೊಂಡು ಹೋಗಿ ಒಳಗಿಟ್ಟ. ಅದನ್ನು ಮಾತ್ರ ಇವತ್ತಿನವರೆಗೂ ಹೊರಗೆ ತಂದಿಲ್ಲ.