ಮಾತು ಬಿಟ್ಟವರು ಕೊಂಡ ಕಂಪ್ಯೂಟರ್

ಮದುವೆ ಮುಗಿದು, ಮದುಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಮೇಲೆ ಮದುವೆಯ ವಿಡಿಯೋ ಕ್ಯಾಸೆಟ್ ಕೈಗೆ ಸಿಗುತ್ತಿದ್ದ ಕಾಲ ಅದು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಮೊಳಕಾಲ್ಮೂರಿನಲ್ಲಿ ನಮ್ಮಪ್ಪನದೊಂದು ಸಣ್ಣ ಸ್ಟುಡಿಯೋ ಇತ್ತು. ಮದುವೆ, ಸೀಮಂತ, ನಾಮಕರಣ ಎಲ್ಲವನ್ನೂ ದೊಡ್ಡ ಕ್ಯಾಸೆಟ್ಟಿನ ಹಳೇ ಕ್ಯಾಮೆರಾ ಹೆಗಲಿಗೇರಿಸಿಕೊಂಡು ತೆಗೆಯುತ್ತಿದ್ದರು. ಆಮೇಲೆ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿ ದಾವಣಗೆರೆಗೆ ಮಿಕ್ಸಿಂಗಿಗೆ ಒಯ್ಯುತ್ತಿದ್ದರು. ಅಲ್ಲಿ ಯಾರದೋ ಕಂಪ್ಯೂಟರಿನ ಮುಂದೆ ಸರದಿ ಕಾದು, ಹಾಡು ಕೂಡಿಸಿ, ಗಂಡು ಹೆಣ್ಣಿನ ಮುಖದ ಸುತ್ತ ಗುಲಾಬಿ ಹೂವು ಅರಳಿಸಿಕೊಂಡು ಬರುವಷ್ಟರಲ್ಲಿ ಹೆಣ್ಣಿನ ಕಡೆಯವರು ನಮ್ಮ ಜಗಲಿಯ ಮೇಲೆ ಬಂದು ಕೂತಿರುತ್ತಿದ್ದರು.

ಅಣ್ಣ ತಿಪ್ಪೇಶಿ ನನಗಿಂತ ಬಹಳ ದೊಡ್ಡವನು. ಪಿಯುಸಿಯಲ್ಲಿ ಡುಮ್ಕಿ ಹೊಡೆದು, ಬಸ್ಸಿನಲ್ಲಿ ಚಳ್ಳಕೆರೆಗೆ ಓಡಾಡಿ ಕಂಪ್ಯೂಟರ್ ಕ್ಲಾಸ್ ಮುಗಿಸಿ, ಮದುವೆಗಳಲ್ಲಿ ಅಪ್ಪನಿಗೆ ವಿಡಿಯೋ ಲೈಟ್ ಹಿಡಿಯುತ್ತಿದ್ದ. ಆ ವರ್ಷ ನಾಯಕನಹಟ್ಟಿಯ ಒಂದು ದೊಡ್ಡ ಮದುವೆ. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಯಾರೋ ಕರೆದರೆಂದು ಅಣ್ಣ ಆಚೆ ತಿರುಗಿದ, ಕೈಯಲ್ಲಿದ್ದ ಲೈಟೂ ತಿರುಗಿತು. ವಾಲಗ ಜೋರಾಗಿತ್ತು, ಅಕ್ಕಿಕಾಳು ಬೀಳುತ್ತಿದ್ದವು, ಕ್ಯಾಮೆರಾದಲ್ಲಿ ಮಾತ್ರ ಕತ್ತಲು. ಅಪ್ಪ ಹೆಗಲ ಮೇಲಿದ್ದ ಕ್ಯಾಮೆರಾ ಇಳಿಸಲಿಲ್ಲ. ಬಿಡುವಿದ್ದ ಎಡಗೈಯಿಂದಲೇ ಅಣ್ಣನ ಕೆನ್ನೆಗೆ ಬಾರಿಸಿದರು. ಮದುವೆ ಮನೆಯ ಜನರೆಲ್ಲ ನೋಡಿದರು. ಲಾಡು ಉಂಡೆಯ ಆಸೆಗೆ ಜೊತೆಗೆ ಹೋಗಿದ್ದ ನಾನೂ ನೋಡಿದೆ. ಅವತ್ತು ಲಾಡನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಅಂದಿನಿಂದ ಅಪ್ಪ ಮಗ ಮಾತು ಬಿಟ್ಟರು.

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ರೀತಿ ರಿವಾಜು ಇದೆ. ಮನೆ ಬಿಡುವ ಹಾಗಿಲ್ಲ, ಕೆಲಸ ಬಿಡುವ ಹಾಗಿಲ್ಲ, ಜೊತೆಗೆ ಕೂತು ಉಣ್ಣುವುದನ್ನೂ ಬಿಡುವ ಹಾಗಿಲ್ಲ. ಹೇಳಬೇಕಾದ್ದನ್ನು ಮೂರನೆಯವರಿಗೆ ಹೇಳಬೇಕು. ಯಾರೂ ಇಲ್ಲದಿದ್ದರೆ ಗೋಡೆಗೆ, ಕಂಬಕ್ಕೆ, ಕಟ್ಟಿದ ಎಮ್ಮೆಗೆ. ನಮ್ಮ ಓಣಿಯಲ್ಲಿ ಅಣ್ಣತಮ್ಮಂದಿರಿಬ್ಬರು ಎಮ್ಮೆಯ ಮೂಲಕವೇ ಹೊಲ ಪಾಲು ಮಾಡಿಕೊಂಡದ್ದುಂಟು. ನಮ್ಮ ಮನೆಯಲ್ಲಿ ಎಮ್ಮೆ ಇರಲಿಲ್ಲ, ನಾನಿದ್ದೆ.

“ಗಿರಿಜಿ, ಸಾಯಂಕಾಲ ರಾಂಪುರದಾಗೆ ನಾಮಕರಣ ಐತೆ, ಲೈಟ್ ತಗಂಡು ಬರ್ಬೇಕಂತೆ ಅಂತ ಹೇಳು” ಎನ್ನುತ್ತಿದ್ದರು ಅಪ್ಪ.

ಅಣ್ಣ ಅಲ್ಲೇ ಎದುರಿಗೆ ಕೂತು ರೊಟ್ಟಿ ಮುರಿಯುತ್ತಿರುತ್ತಿದ್ದ. “ಬರ್ತಾನಂತೆ ಅಂತ ಹೇಳೇ.”

ನಾನು ಎರಡನ್ನೂ ಹೇಳಬೇಕು. ಹೇಳುವತನಕ ಇಬ್ಬರಿಗೂ ಕೇಳಿಸಿಲ್ಲವೆಂದೇ ಲೆಕ್ಕ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ಇಲ್ಲಿ ಜಗಳ ಅಪ್ಪ ಮಗನದು, ಬಡವಾದ ಕೂಸು ನಾನು. ನಗು ಬರುತ್ತಿತ್ತು, ಭಯವೂ ಆಗುತ್ತಿತ್ತು. ಅಣ್ಣ ಮೊದಲಿನ ಹಾಗೆ ನಗುತ್ತಿರಲಿಲ್ಲ. ಅಪ್ಪ ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದರು. ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ, “ಹಿಂಗೇ ಬಿಟ್ರೆ ಇದೇ ರೂಢಿ ಆಗಿಬಿಡ್ತೈತೆ ಕಣೇ ಗಿರಿಜಿ” ಎನ್ನುತ್ತಿದ್ದಳು.

ಕಂಪ್ಯೂಟರ್ ತರುವ ಮಾತು ತೆಗೆದವಳು ಅವ್ವನೇ. “ಏನ್ರಿ, ಮಿಕ್ಸಿಂಗ್ ಮನ್ಯಾಗೇ ಮಾಡಿದ್ರೆ ಏನು? ಅವನು ಕಂಪ್ಯೂಟರ್ ಕಲ್ತಾನೆ, ನಿಮಗೆ ಕೆಲಸ ಗೊತ್ತೈತೆ. ಇಬ್ರೂ ನೋಡಿ ಒಂದು ಕಂಪ್ಯೂಟರ್ ಹೊಂದಿಸ್ಕಂಡು ಬರ್ರಿ.” ಅವಳಿಗೆ ಮಿಕ್ಸಿಂಗ್ ಬೇಕಿರಲಿಲ್ಲ. ಒಂದು ವಸ್ತುವನ್ನು ಇಬ್ಬರೂ ಸೇರಿ ಆರಿಸಬೇಕಾದರೆ ಬಾಯಿ ಬಿಡಲೇಬೇಕಲ್ಲ, ಅದು ಅವಳ ಹಂಚಿಕೆ. ಅಪ್ಪ ಒಪ್ಪಿದರು. ಸಣ್ಣ ಕ್ಯಾಸೆಟ್ಟಿನ ಹೊಸ ಕ್ಯಾಮೆರಾ ಕೊಳ್ಳುತ್ತೇನೆಂದು ಅವರು ಬಹಳ ದಿನದಿಂದ ಮನೆಯಲ್ಲಿ ಹೇಳುತ್ತಿದ್ದರು. ಕಂಪ್ಯೂಟರಿಗಾಗಿ ಅದನ್ನು ಮುಂದಿನ ವರ್ಷಕ್ಕೆ ತಳ್ಳಿದರು. ತಳ್ಳಿದ್ದನ್ನು ಅವ್ವನಿಗೊಬ್ಬಳಿಗೇ ಹೇಳಿದ್ದರೆಂಬುದು ನಮಗೆ ತಿಳಿದದ್ದು ಆಮೇಲೆ.

ಆದರೆ ಅವರಿಬ್ಬರೂ ಅವ್ವನಿಗಿಂತ ಜಾಣರು. ಇಡೀ ಕಂಪ್ಯೂಟರನ್ನು ನನ್ನ ಬಾಯಿಂದಲೇ ಆರಿಸಿದರು.

“ರ‍್ಯಾಮ್ ಅಂದ್ರೇನು ಕೇಳು” ಎಂದು ಅಪ್ಪ ಗಡ್ಡ ಹೆರೆದುಕೊಳ್ಳುತ್ತಾ ಕನ್ನಡಿಗೆ ಹೇಳಿದರು.

ಅಣ್ಣ ನನ್ನ ಮುಖ ನೋಡಿ, ದನಿ ಮಾತ್ರ ಕನ್ನಡಿಯವರೆಗೆ ಮುಟ್ಟುವ ಹಾಗೆ ಹೇಳಿದ: “ಅವ್ವ ಅಡಿಗಿ ಮಾಡೋವಾಗ ಮುಂದೆ ಹರವಿಕೊಂತಾಳಲ್ಲ, ಆ ಜಾಗ. ಜಾಗ ಸಾಲ್ದಿದ್ರೆ ಕೆಲಸ ನಿಧಾನ. ಹಾರ್ಡ್‌ಡಿಸ್ಕ್ ಅಂದ್ರೆ ಕಾಳು ತುಂಬಿಡೋ ಕಣಜ.”

“ಒಂದು ಮದುವಿ ಎಷ್ಟು ಜಾಗ ತಿಂತೈತೆ ಕೇಳು.”

“ಸಣ್ಣ ಕಣಜದಾಗೆ ಒಂದೇ ಮದುವಿ. ದೊಡ್ಡದು ತಂದ್ರೆ ಸೀಜನ್‌ಪೂರ್ತಿ ಯೋಚನೆ ಇಲ್ಲ.”

“ದೊಡ್ಡದೇ ಇರ್ಲಿ ಅಂತ ಹೇಳು.”

ಹೀಗೆ ಪ್ರೊಸೆಸರ್ ಗೊತ್ತಾಯಿತು, ಮದರ್‌ಬೋರ್ಡ್ ಗೊತ್ತಾಯಿತು. ಕರೆಂಟ್ ಹೋದರೆ ಕೆಲಸ ಹಾಳಾಗಬಾರದೆಂದು ಯುಪಿಎಸ್ ಬೇಕೆಂದದ್ದು ಅಪ್ಪ, ಹೌದೆಂದದ್ದು ಅಣ್ಣ. ಆ ದಿನಗಳಲ್ಲಿ ಅಣ್ಣನ ದನಿಯಲ್ಲಿ ಹುರುಪು ಬಂದಿತ್ತು. ಒಮ್ಮೆಯಂತೂ ಅಪ್ಪ ನನ್ನನ್ನು ಕರೆಯುವುದನ್ನೇ ಮರೆತು “ಅಲ್ಲಾ…” ಎಂದು ಅಣ್ಣನ ಕಡೆ ತಿರುಗಿ, ತಟ್ಟನೆ ನೆನಪಾಗಿ ಗೋಡೆ ನೋಡಿದರು. ಒಲೆಯ ಮುಂದಿದ್ದ ಅವ್ವ ಊದುವುದನ್ನು ಬಿಟ್ಟು ಇತ್ತಲೇ ಕಿವಿಗೊಟ್ಟು ಕೂತಿದ್ದಳು.

ಅಣ್ಣನಿಗೆ ಇನ್ನೊಂದು ಆಸೆಯಿತ್ತು. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಕಾರ್ ರೇಸಿನ ಆಟ ಬೆಣ್ಣೆಯ ಹಾಗೆ ಓಡುತ್ತದೆ, ರಸ್ತೆ ಬದಿಯ ಮರದ ಎಲೆ ಸಹ ಕಾಣುತ್ತದೆ ಎಂದು ನನಗೆ ಗುಟ್ಟಾಗಿ ಹೇಳಿದ್ದ. ನಾನೂ ಅವನ ಕಡೆಯವಳಾದೆ.

ಚಳ್ಳಕೆರೆಗೆ ಮೂವರೂ ಹೋದೆವು. ಬಸ್ಸಿನಲ್ಲಿ ಅಪ್ಪ ಮುಂದೆ, ಅಣ್ಣ ಕೊನೇ ಸೀಟಿನಲ್ಲಿ, ನಾನು ನಡುವೆ. ಊರು ಬರುತ್ತಿದ್ದ ಹಾಗೇ ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಕಿಟಕಿಯೊಳಗೆ ನುಗ್ಗಿತು. ಕಂಪ್ಯೂಟರ್ ಅಂಗಡಿಯಲ್ಲಿ ಮಾತ್ರ ಬೇರೆ ವಾಸನೆ: ಹೊಸ ಪ್ಲಾಸ್ಟಿಕ್ಕು, ರಟ್ಟಿನ ಡಬ್ಬಿ, ಥರ್ಮಾಕೋಲು. ಅಂಗಡಿಯ ಸಾಬರು ಒಂದೊಂದೇ ಸಾಮಾನು ತೆಗೆದು ಮೇಜಿನ ಮೇಲಿಟ್ಟರು. ಅಪ್ಪನೂ ಅಣ್ಣನೂ ಈಗ ನನ್ನನ್ನು ಬಿಟ್ಟು ಅವರಿಗೆ ಗಂಟುಬಿದ್ದರು.

“ಸಾಬ್ರೆ, ಆಟದ ಸಾಮಾನು ಏನೂ ಬ್ಯಾಡ. ನಾವು ಕೆಲಸಕ್ಕೆ ತಗಣ್ಣೋರು” ಎಂದರು ಅಪ್ಪ.

“ಸಾಬ್ರೆ, ಹೂವು, ದೀಪ, ಎಫೆಕ್ಟು ಚೆನ್ನಾಗಿ ಕಾಣ್ಬೇಕಂದ್ರೆ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ಹೇಳ್ರಿ” ಎಂದ ಅಣ್ಣ.

ಸಾಬರು ಇಬ್ಬರ ಮುಖವನ್ನೂ ನೋಡಿದರು. “ಅರೇ ಭಾಯ್, ನೀವಿಬ್ರೂ ಒಂದೇ ಮನೆಯೋರಲ್ವಾ?”

ಅಪ್ಪನಿಗೆ ನಾಚಿಕೆಯಾಯಿತೋ ಏನೋ, “ಹಾಕಿಸ್ಕಳ್ಳಾಕೆ ಹೇಳು ಗಿರಿಜಿ” ಎಂದು ಎದ್ದು ಟೀ ಕುಡಿಯಲು ಹೊರಗೆ ಹೋದರು. ಅಣ್ಣನ ಮುಖ ಅರಳಿತು. ಆಗ ಸಾಬರು ಕೇಳಿದರು, “ಕ್ಯಾಮೆರಾ ಯಾವ್ದು? ಅದರ ವೈರ್ ಚುಚ್ಚೋಕೆ ಇನ್ನೊಂದು ಕಾರ್ಡ್ ಬೇಕಲ್ಲ, ಕ್ಯಾಮೆರಾಕ್ಕೆ ತಕ್ಕದ್ದು ಹಾಕ್ಬೇಕು.”

“ಸಣ್ಣ ಕ್ಯಾಸೆಟ್ಟಿಂದು, ಹೊಸದು” ಎಂದ ಅಣ್ಣ. ಅಪ್ಪ ಅದನ್ನೇ ಕೊಳ್ಳುವವರೆಂದು ಅವನು ನಂಬಿದ್ದ. ಬೇರೆಯವರಾಗಿದ್ದರೆ ಬಾಗಿಲಿಗೆ ಹೋಗಿ “ಅಪ್ಪಾ, ಹೊಸ ಕ್ಯಾಮೆರಾ ಯಾವಾಗ ಬರ್ತೈತೆ?” ಎಂದು ಒಂದು ಮಾತು ಕೇಳುತ್ತಿದ್ದರು.

ಮಾನಿಟರನ್ನು ಬಸ್ಸಿನ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂರಿಸಿ, ಕ್ಯಾಬಿನೆಟ್ಟನ್ನು ಅಣ್ಣ ಎದೆಗವಚಿಕೊಂಡು ಊರಿಗೆ ತಂದೆವು. ಅವ್ವ ವಿಭೂತಿ ಬಳಿದು, ಹೂವೇರಿಸಿ, ಕಾಯಿ ಒಡೆದಳು. ಮೊದಲು ಓಡಿದ್ದು ಕಾರ್ ರೇಸೇ. ನಿಜಕ್ಕೂ ಮರದ ಎಲೆ ಕಾಣುತ್ತಿದ್ದವು. ಅಣ್ಣ ಓಡಿಸುತ್ತಿದ್ದ, ನಾನು ಕಿರುಚುತ್ತಿದ್ದೆ. ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ ಅಪ್ಪ, “ಆ ತಿರುವಿನಾಗೆ ಬ್ರೇಕ್ ಹಿಡೀಬೇಕಿತ್ತು ಅಂತ ಹೇಳು” ಎಂದರು. ಅಣ್ಣ ಪರದೆಯ ಕಡೆಯೇ ನೋಡುತ್ತಾ ನಕ್ಕ. ಆ ಸೀಜನ್ನಿನಲ್ಲಿ ನಾವು ನೆಮ್ಮದಿಯಾಗಿದ್ದದ್ದು ಆ ಒಂದು ಸಂಜೆ.

ಮಾರನೇ ದಿನ ಅಪ್ಪ ಸ್ನಾನ ಮಾಡಿ, ಹಳೇ ಕ್ಯಾಮೆರಾ ತಂದು, ಅದರ ಹಳದಿ, ಬಿಳಿ, ಕೆಂಪು ವೈರುಗಳನ್ನು ಹಿಡಿದು ಕಂಪ್ಯೂಟರಿನ ಹಿಂದೆ ಕೂತರು. ತೂತು ಹುಡುಕಿದರು. ಟಾರ್ಚ್ ಹಾಕಿ ಹುಡುಕಿದರು. ಆ ವೈರುಗಳಿಗೆ ಹೊಂದುವ ತೂತೇ ಇರಲಿಲ್ಲ. ಅಣ್ಣ ಬಂದು ನೋಡಿ ಬಿಳಿಚಿಕೊಂಡ.

“ಹೊಸ ಕ್ಯಾಮೆರಾ ಅಂದ್ಕಂಡಿದ್ದೆ.”

ನನಗಲ್ಲ, ಗೋಡೆಗಲ್ಲ, ಅಪ್ಪನಿಗೇ ಹೇಳಿದ. ಅವ್ವ ಮುದ್ದೆ ತಿರುವುವ ಕೋಲು ಹಿಡಿದೇ ಓಡಿ ಬಂದಳು.

“ಯಾರು ಹೇಳಿದ್ರು ನಿನಗೆ?”

“ನೀವೇ ಹೇಳ್ತಿದ್ರಿ.”

“ಒಂದು ಮಾತು ಕೇಳಿದ್ರೆ ಬಾಯಾಗಿನ ಮುತ್ತು ಉದುರ್ತಿತ್ತೇನ್ಲೇ?”

“ಈ ವರ್ಷ ಕ್ಯಾಮೆರಾ ಬ್ಯಾಡ ಅಂತ ನೀವು ಒಂದು ಮಾತು ಹೇಳಿದ್ರಾ? ಮದುವಿ ಮನ್ಯಾಗೆ ಅಷ್ಟು ಜನದ ಮುಂದೆ ಕೆನ್ನಿಗೆ ಹೊಡದ್ರಿ. ನಾನೇನು ಬೇಕಂತ ಲೈಟ್ ತಿರುಗಿಸಿದ್ನಾ?”

“ತಾಳಿ ಕಟ್ಟೋದು ಕತ್ಲಾಯ್ತು ಕಣಲೇ. ಅವರಿಗೆ ಏನ್ ಉತ್ತರ ಕೊಡ್ಲಿ ನಾನು?”

ಮಾತು ಬರಲಿ ಎಂದು ಹರಕೆ ಹೊತ್ತಿದ್ದ ಅವ್ವ, ಬಂದ ಮಾತು ಇದು ಎಂದು ತಿಳಿದು ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮರುದಿನ ಅಣ್ಣ ಒಬ್ಬನೇ ಚಳ್ಳಕೆರೆಗೆ ಹೋಗಿ ಹಳೇ ಕ್ಯಾಮೆರಾಕ್ಕೆ ಹೊಂದುವ ಕಾರ್ಡ್ ತಂದ. ವೈರು ಕೂತವು, ಪರದೆಯ ಮೇಲೆ ಮದುವೆ ಮೂಡಿತು. ಅಂದಿನಿಂದ ಇಬ್ಬರೂ ಪಕ್ಕಪಕ್ಕ ಕೂತು ಕೆಲಸ ಮಾಡಿದರು. “ಇಲ್ಲಿ ಕಟ್ ಮಾಡು.” “ಹಾಡು ಕೂಡ್ಸಲಾ?” “ಹೂಂ.” ಅಷ್ಟೇ ಮಾತು, ಆದರೆ ನೇರ ಮಾತು. ಅವ್ವನಿಗೆ ಅಷ್ಟೇ ಸಾಕಾಗಿತ್ತು.

ಕೆಲವು ದಿನ ಕಳೆದು ನಾನು ರೇಸ್ ಹಾಕಿದೆ. ಕಾರು ತಡವರಿಸಿ ತಡವರಿಸಿ ನಿಂತಿತು. ಎಲೆ ಹೋಗಲಿ, ಮರವೇ ಸರಿಯಾಗಿ ಕಾಣಲಿಲ್ಲ. ಅಪ್ಪ ಹಿಂದೆ ನಿಂತಿದ್ದರು. “ಅದ್ಯಾಕೆ ಹಿಂಗಾತು?” ಅಣ್ಣ ದುಡ್ಡು ಕೇಳದೆ, ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಸಾಬರಿಗೆ ಕೊಟ್ಟು, ಅದರ ಬದಲಿಗೆ ಕ್ಯಾಮೆರಾದ ಕಾರ್ಡ್ ತಂದಿದ್ದನೆಂದು ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಪರದೆಯ ಮೇಲೆ ನಿಂತ ಕಾರನ್ನು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ ನನ್ನ ತಲೆಯ ಮೇಲೆ ಕೈಯಿಟ್ಟು, “ಗಿರಿಜಿ, ಅವತ್ತು ಕೈ ಎತ್ತಬಾರದಿತ್ತು ಅಂತ ನಿಮ್ಮಣ್ಣಗೆ ಹೇಳು” ಎಂದರು.

ನಾನು ಓಡಿದೆ. ಅಷ್ಟು ಸಂತೋಷದ ಮಾತನ್ನು ನಾನು ಅದುವರೆಗೆ ಹೊತ್ತಿರಲಿಲ್ಲ. ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿದ್ದ ಅಣ್ಣ ಪೂರ್ತಿ ಕೇಳಿಸಿಕೊಂಡ. “ಅವರ ಬಾಯಿಂದಾನೇ ಬರ್ಲಿ” ಎಂದ. ಅದನ್ನೂ ಮುಟ್ಟಿಸಿದೆ. ಅಪ್ಪ ತಲೆಯಾಡಿಸಿದರು. “ಹೇಳ್ತೀನಿ, ಹೇಳ್ತೀನಿ. ಈ ಸೀಜನ್ ಮುಗೀಲಿ.”

ಸೀಜನ್ನುಗಳು ಬಂದವು, ಹೋದವು. ಹೊಸ ಕ್ಯಾಮೆರಾ ಬಂತು, ಆ ಕಂಪ್ಯೂಟರ್ ಗುಜರಿಗೆ ಹೋಯಿತು, ಅದರ ಜಾಗಕ್ಕೆ ಬೇರೆ ಬಂತು. ಕಟ್ ಮಾಡು, ಹಾಡು ಕೂಡಿಸು ಎಂಬಷ್ಟರಲ್ಲೇ ಅಪ್ಪ ಮಗನ ವರ್ಷಗಳು ಕಳೆದವು. ಅಪ್ಪ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆ ಮಾತು ಅವರ ಬಾಯಲ್ಲೇ ಉಳಿಯಿತು.

ಅಣ್ಣನಿಗೆ ಈಗ ತಲೆ ನರೆತಿದೆ. ಸ್ಟುಡಿಯೋ ಅವನೇ ನಡೆಸುತ್ತಾನೆ. ಎಲೆಯ ನರವೂ ಕಾಣುವಂಥ ಕಾರ್ಡಿನ ಕಂಪ್ಯೂಟರ್ ಅವನ ಮೇಜಿನ ಮೇಲಿದೆ, ಆಡುವವರಿಲ್ಲ. ನಾನು ಗಂಡನ ಮನೆಯಿಂದ ಹೋದಾಗಲೆಲ್ಲ ಒಳಗೆ ಕರೆದು ಕೂರಿಸಿಕೊಂಡು ಕೇಳುತ್ತಾನೆ: “ಗಿರಿಜಿ, ಅವತ್ತು ಅಪ್ಪ ಏನಂದ್ರು, ಇನ್ನೊಂದ್ಸಲ ಹೇಳೇ.”

ಒಂದಕ್ಷರವೂ ಬಿಡದೆ ಹೇಳುತ್ತೇನೆ. ಅಪ್ಪನ ದನಿ ಮಾತ್ರ ನನಗೆ ಬರುವುದಿಲ್ಲ.