ಸಾಂಬ್ರಾಣಿ ಕುಡಿದ ತಂತಿಗಳು

ಇದರಲ್ಲಿ ನಡೆದದ್ದೆಷ್ಟು, ನಾನೇ ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ. ಮೊನ್ನೆ ಯಶವಂತಪುರ ಸ್ಟೇಷನ್ನಿನ ಗೋಡೆಯ ಪಕ್ಕ ಮೂಗು ಮುಚ್ಚಿಕೊಂಡು ನಡೆಯುವಾಗ, ಕಣ್ಣುರಿಸುವ ಆ ಅಮೋನಿಯಾ ವಾಸನೆಗೆ ನಮ್ಮ ಲ್ಯಾಬಿನ ಅಕ್ಕ ನೆನಪಾದರು. ಇಂಥ ಕಡೆ ನೆನಪಾಗಬೇಕಾದವರಲ್ಲ…

ಹೆಬ್ಬಾಳದ ಆ ಲ್ಯಾಬಿಗೆ ನಾನು ಸೇರಿದ್ದು 2010ರಲ್ಲಿ. ಅಕ್ಕನ ಪಿಎಚ್‌ಡಿ ಆಗ ಕೊನೆಯ ಹಂತದಲ್ಲಿತ್ತು. ಬಾಗಲೂರಿನಿಂದ ಬಸ್ಸಿನಲ್ಲಿ ಬಂದು, ಕುಲುಮೆಯಲ್ಲಿ ಸತುವಿನ ಆಕ್ಸೈಡಿನ ನ್ಯಾನೋ ತಂತಿಗಳನ್ನು ಬೆಳೆಸುತ್ತಿದ್ದರು. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಅವುಗಳಿಗೆ ಅಮೋನಿಯಾ ತಗುಲಿದರೆ ಹರಿಯುವ ಕರೆಂಟು ಬದಲಾಗುತ್ತದೆ. ಅದನ್ನು ಅಳೆಯುವುದೇ ಸೆನ್ಸರಿನ ಕೆಲಸ. ಅಕ್ಕನ ತಂತಿಗಳು ಅನಿಲವನ್ನು ಗುರುತಿಸುತ್ತಿದ್ದವು, ಆದರೆ ಸಾಧಾರಣವಾಗಿ. ಸಾಧಾರಣ ಫಲಿತಾಂಶಕ್ಕೆ ಪೇಪರ್ ಆಗದು, ಪೇಪರ್ ಇಲ್ಲದೆ ಪದವಿ ಸಿಗದು.

ಆಯುಧಪೂಜೆಗೆ ನಮ್ಮ ಗೈಡ್ ಪ್ರತಿ ಯಂತ್ರಕ್ಕೂ ತಾವೇ ಕುಂಕುಮವಿಟ್ಟು ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ಆ ವರ್ಷ ಸೆನ್ಸರ್ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೂ ಧೂಪ ತೋರಿಸಿದ್ದನ್ನು ನಾನು ಕಂಡಿದ್ದೇನೆ. ಅಥವಾ ಅಕ್ಕ ಹೇಳಿದ ಮೇಲೆ ಕಂಡಂತಾಯಿತೋ… ಮುಚ್ಚಳ ಮುಟ್ಟಲೇ ಇಲ್ಲ ಎಂದು ಗೈಡ್ ಸಾಧಿಸುತ್ತಿದ್ದರು.

ಹಬ್ಬ ಕಳೆದು ಅಮೋನಿಯಾ ಬಿಟ್ಟಾಗ ಗ್ರಾಫ್ ಗೋಡೆಯಂತೆ ನೆಟ್ಟಗೆ ಎದ್ದಿತು. ಗೈಡ್ ಎಲ್ಲರಿಗೂ ಮೈಸೂರುಪಾಕ್ ತರಿಸಿದರು. ಅಕ್ಕ ಹೊಸ ತಂತಿ ಬೆಳೆಸಿ ಮತ್ತೆ ಅಳೆದರು. ಅದೇ ಹಳೆಯ ಸಾಧಾರಣ ಏರಿಕೆ.

"ಇದು ತಂತಿ ಗುಣ ಅಲ್ಲ ಸಾರ್, ಸಾಂಬ್ರಾಣಿ ಜಿಡ್ಡು," ಎಂದರು ಅಕ್ಕ.

"ದೇವ್ರು ಕೊಟ್ಟಿದ್ದನ್ನೂ ಡೌಟ್ ಮಾಡ್ತೀಯಲ್ಲಮ್ಮಾ. ಬಾಗಲೂರು ಬಸ್ಸಿನ ಹೊಗೆ ನಿನ್ ತಲೆಗೆ ಹತ್ತಿರಬೇಕು."

ನಾವೆಲ್ಲ ನಕ್ಕೆವು. ಅಕ್ಕನೂ ನಕ್ಕ ಹಾಗಿತ್ತು.

ಪೇಪರಿನಲ್ಲಿ ಗೈಡ್ ಅಕ್ಕನ ಹೆಸರನ್ನೇ ಮೊದಲು ಹಾಕಿದ್ದರು. ಸುಮ್ಮನಿದ್ದಿದ್ದರೆ ಮುಂದಿನ ವರ್ಷ ಡಾಕ್ಟರೇಟ್ ಕೈಗೆ ಬರುತ್ತಿತ್ತು. ಅಕ್ಕ ಹೆಸರು ತೆಗೆಸಿದರು. ಗೈಡ್ ಥೀಸಿಸ್‌ಗೆ ಸಹಿ ಹಾಕಲಿಲ್ಲ. ಕ್ಯಾಂಟೀನಿನಲ್ಲಿ, ಹೆಸರು ಮತ್ತೆ ಸೇರಿಸಿ ಸಹಿ ಹಾಕಿಸಿಕೊಂಡು ಹೋಗಿಬಿಡಿ ಅಕ್ಕ, ಇದನ್ನೆಲ್ಲ ಯಾರು ಕೇಳುತ್ತಾರೆ ಎಂದು ನಾನು ಹೇಳಿದ ನೆನಪು.

"ಯಾರೋ ಅದನ್ನ ನಂಬ್ಕೊಂಡು ಫ್ಯಾಕ್ಟ್ರೀಲಿ ಹಾಕ್ತಾರೆ ಕಣೋ. ಗ್ಯಾಸ್ ಲೀಕಾದಾಗ ಅದು ಕೂಗದೇ ಹೋದ್ರೆ? ನಾನು ಇಂಗೇ ಇರ್ತೀನಿ ಬಿಡು."

ಆ ತಿಂಗಳೇ ಲ್ಯಾಬ್ ಬಿಟ್ಟರು. ಅದೇ ಪೇಪರ್ ತೋರಿಸಿ ಗೈಡ್ ಪ್ರೊಫೆಸರಾದರು, ಸನ್ಮಾನ ಮಾಡಿಸಿಕೊಂಡರು. ಆ ಶಾಲಿನ ಫೋಟೋದಲ್ಲಿ ನಾನೂ ಇದ್ದೇನೆ.

ಅಕ್ಕನ ನಂಬರ್ ಈಗ ಬೇರೆ ಯಾರದೋ. ಬಾಗಲೂರಿಗೆ ಹೋಗಿ ವಿಚಾರಿಸಿದೆ. ಅಕ್ಕನ ಮನೆಯವರು ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಗೈಡ್ ಅಂದು ಮುಚ್ಚಳ ತೆಗೆದಿದ್ದರೋ ಇಲ್ಲವೋ ಎಂಬುದು ನನಗಿನ್ನು ತಿಳಿಯುವುದೂ ಇಲ್ಲ. ಒಂದನ್ನು ಮಾತ್ರ ಪರೀಕ್ಷಿಸಿ ನೋಡಿದೆ. ಬಾಗಲಗುಂಟೆಯ ಹತ್ತಿರ ಈಗ ನಾನಿರುವ ಸೆನ್ಸರ್ ಕಂಪನಿಯಲ್ಲಿ, ಒಂದೇ ಕುಲುಮೆಯಲ್ಲಿ ಬೆಳೆದ ತಂತಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗಷ್ಟೇ ಸಾಂಬ್ರಾಣಿ ಹೊಗೆ ಕೊಟ್ಟು, ಎರಡಕ್ಕೂ ಅಮೋನಿಯಾ ಬಿಟ್ಟೆ. ಹೊಗೆ ಕುಡಿದವುಗಳ ಗ್ರಾಫ್ ಮಾತ್ರ ನೆಟ್ಟಗೆ ಎದ್ದಿತು.