ಮೌನ ಸೋಮವಾರದ ಫೋನು

ಗುರುಬಾಯಿ ನನ್ನ ಹಳೆಯ ವಿದ್ಯಾರ್ಥಿನಿ. ಮುಂಬಯಿಯ ಸಾಂತಾಕ್ರೂಜ್‌ನ ಕನ್ನಡ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಬೆಳಗಿನ ಪ್ರಾರ್ಥನೆಯನ್ನು ಹೇಳಿಕೊಡುವ ಕೆಲಸ ಅವಳದಾಗಿತ್ತು. ಮೈಕು ಕೆಟ್ಟ ದಿನವೂ ಕೊನೆಯ ಸಾಲಿನ ಮಕ್ಕಳಿಗೆ ಅವಳ ಧ್ವನಿ ಕೇಳಿಸುತ್ತಿತ್ತು. "ನಿಮ್ಮ ಮಗಳಿಗೆ ಧ್ವನಿಯೇ ಅನ್ನ ಕೊಡುತ್ತದೆ" ಎಂದು ಒಮ್ಮೆ ಅವಳ ತಂದೆಗೆ ಹೇಳಿದ್ದೆ. ಮಗಳು ದೊಡ್ಡ ಹಾಡುಗಾರ್ತಿಯಾಗುತ್ತಾಳೆಂದು ಅವರು ಊರಿಗೆಲ್ಲ ಸುದ್ದಿ ಕಳುಹಿಸಿದರು. ಗುರುಬಾಯಿ ಟೆಲಿಫೋನ್ ಆಪರೇಟರ್ ಆದಳು.

ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹಂಜಿ ಬೆಲ್ಟ್ಸ್ ಎಂಬ ವ್ಯಾಪಾರ. ಬೆಲ್ಟು ಎಂದರೆ ಸೊಂಟಕ್ಕೆ ಕಟ್ಟುವುದಲ್ಲ. ಯಂತ್ರಗಳನ್ನು ತಿರುಗಿಸುವ ರಬ್ಬರಿನ ಪಟ್ಟಿ. ಬೆಳಗಾವಿಯಿಂದ ಬಂದ ಹಿರಿಯ ಹಂಜಿಯವರು ಆ ವ್ಯಾಪಾರವನ್ನು ಕಟ್ಟಿದರು. ಗುರುಬಾಯಿ ಅಲ್ಲಿ ಮೂವತ್ತು ವರ್ಷಗಳಿಂದ ಫೋನಿನ ಮುಂದೆ ಒಂದೇ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದಾಳೆ. ಹಳೆಯ ಸೀರೆಯ ಬಟ್ಟೆಯಿಂದ ಹೊಲಿದ ಅದರ ದಿಂಬು ಮಾತ್ರ ಮೂರು ಸಲ ಬದಲಾಗಿದೆ.

ಆ ಅಂಗಡಿಯ ಗಿರಾಕಿಗಳಿಗೆ ಬೆಲ್ಟಿನ ನಂಬರು ಗೊತ್ತಿರುವುದಿಲ್ಲ. ನಂಬರು ಅಚ್ಚಾದ ಜಾಗ ತಿರುಗಿ ತಿರುಗಿ ಅಳಿಸಿಹೋಗಿರುತ್ತದೆ. ಅವರು ಯಂತ್ರದ ಸದ್ದನ್ನು ವರ್ಣಿಸುತ್ತಾರೆ. ಹಪ್ಪಳದ ಮಷೀನು ಕಪ್ಪೆಯ ಹಾಗೆ ಕೂಗುತ್ತದೆ, ಹಿಟ್ಟಿನ ಗಿರಣಿ ಬೆಳಗ್ಗೆ ಕಿರುಗುಟ್ಟುತ್ತದೆ, ಮಧ್ಯಾಹ್ನ ಸುಮ್ಮನಾಗುತ್ತದೆ ಎನ್ನುತ್ತಾರೆ. ಗುರುಬಾಯಿ ಕೇಳಿಕೊಂಡು, ಬೇಕಾದರೆ "ಫೋನ್ ಮಷೀನ್ ಬಾಜೂಕ ಹಿಡೀರಿ" ಎಂದು ಹೇಳಿ, ನಂಬರು ಹೇಳಿಬಿಡುತ್ತಾಳೆ. ತಪ್ಪಿದ್ದು ಎರಡು ಸಲ. ಆ ಎರಡೂ ಸಲ ತನಗೆ ನೆಗಡಿಯಾಗಿ ಕಿವಿ ಕಟ್ಟಿತ್ತೆಂದು ಅವಳ ವಾದ.

ಹಿರಿಯರ ಮಗ ದೇವಾನಂದ ಹಂಜಿ ಈಗಿನ ಯಜಮಾನ. ಒಳ್ಳೆಯ ಮನುಷ್ಯ, ಆದರೆ ತನ್ನ ಕೈಯಿಲ್ಲದೆ ಗಾಳಿ ಬೀಸಿದರೂ ಅನುಮಾನಪಡುವವನು. ಅವನಿಗೆ ವಿನೋದಿನಿ ಎಂಬಾಕೆ ಗಂಟು ಬಿದ್ದಳು. ಹೊಸ ಫೋನ್ ವ್ಯವಸ್ಥೆ ಮಾರುವ ಕಂಪನಿಯವಳು, ಧಾರವಾಡದ ತಾಯಿಯ ಮಗಳು.

"ಸರ್, ನೀವು ಕುಠೇ ಪಣ್, ಎಲ್ಲೇ ಇರಿ, ಪೂರಾ ಆಫೀಸ್‌ದು ಫೋನ್ ನಿಮ್ಮ ಮುಠ್ಠಿಯಲ್ಲಿ. ಯಾರ ಫೋನ್ ರಿಂಗ್ ಆಗಬೇಕು, ಯಾರದ್ದು ಬಂದ್ ಇರಬೇಕು, ಸಬ್ ಮೊಬೈಲ್‌ನಲ್ಲಿ. ಮಾತಾಡೋರಿಗೆ ಗ್ರೀನ್ ಲೈಟ್, ಎದ್ದು ಹೋದವರಿಗೆ ರೆಡ್ ಲೈಟ್."

ಎದ್ದು ಹೋದವರಿಗೆ ಕೆಂಪು ದೀಪ ಎಂಬ ಮಾತಿಗೇ ದೇವಾನಂದ ಮನಸೋತ. ಆಷಾಢದ ಕೊನೆಯ ವಾರ ವ್ಯವಸ್ಥೆ ಬಂತು. ಅವನು ಗುರುಬಾಯಿಯನ್ನು ಕರೆದ.

"ಬಾಯಾರ, ಒಂದ ತಿಂಗಳು ನೋಡೂಣು. ಶ್ರಾವಣ ಮುಗಿಯೂತನಾ ಎಲ್ಲಾ ಮೊಬೈಲ್‌ದಾಗ ಛಲೋ ನಡೀತು ಅಂದ್ರ ಆಪರೇಟರ್ ಬೇಕಾಗೂದಿಲ್ಲ. ನೀವೂ ಮನಿಯಾಗ ಆರಾಮ ಇರ್ರಿ."

"ಆರಾಮ ಇರಾಕ ನನಗ ಬರೂದಿಲ್ರಿ ಸಾಹೇಬ್ರ" ಎಂದಳು ಗುರುಬಾಯಿ. ಅವಳ ಗಂಡನಿಗೆ ಮೊಣಕಾಲು ನೋವಾಗಿ ವಾಚ್‌ಮನ್ ಕೆಲಸ ಬಿಟ್ಟು ವರ್ಷಗಳಾಗಿದ್ದವು. ದಹಿಸರ್‌ನ ಅವರ ಮನೆ ನಿಂತದ್ದೇ ಆ ಬೆತ್ತದ ಕುರ್ಚಿಯ ಮೇಲೆ. ಸಾಹೇಬರು ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕುರ್ಚಿ ಗೋದಾಮಿಗೆ ಹೋಯಿತು. ಅವಳೂ ಹೋದಳು, ಪ್ಯಾಕಿಂಗ್ ಮಾಡುವ ಬಂಡೆಪ್ಪನ ಪಕ್ಕದಲ್ಲಿ ಕುಳಿತು ಬೆಲ್ಟುಗಳಿಗೆ ಚೀಟಿ ಅಂಟಿಸತೊಡಗಿದಳು.

ದೇವಾನಂದ ದಹಿಸರ್‌ನ ತನ್ನ ಫ್ಲಾಟಿನಲ್ಲಿ ಹಲ್ಲುಜ್ಜುತ್ತ ಒಂದು ಲೈನು ಮುಚ್ಚುತ್ತಿದ್ದ. ಹೈವೇಯ ಟ್ರಾಫಿಕ್ಕಿನಲ್ಲಿ ನಿಂತು ಮತ್ತೊಂದನ್ನು ತೆರೆಯುತ್ತಿದ್ದ. ತನ್ನ ಧ್ವನಿಯಲ್ಲೇ ಸ್ವಾಗತ ರೆಕಾರ್ಡ್ ಮಾಡಿಸಿದ: ಬೆಲ್ಟಿಗೆ ಒಂದು ಒತ್ತಿರಿ, ದೂರಿಗೆ ಎರಡು ಒತ್ತಿರಿ. ಒಂದು ಒತ್ತಿದರೆ ನಂಬರು ಕೇಳುತ್ತಿತ್ತು. ನಂಬರು ಗೊತ್ತಿಲ್ಲದವರೆಲ್ಲ ಎರಡು ಒತ್ತಿದರು. ಎರಡರ ಫೋನು ಗೋದಾಮಿನಲ್ಲಿ, ಬಂಡೆಪ್ಪನ ತಲೆಯ ಮೇಲೆ ಗೋಡೆಗೆ ಜೋತುಬಿದ್ದಿತ್ತು. ಎತ್ತುವ ಅಪ್ಪಣೆ ಅವನಿಗೆ ಮಾತ್ರ. ಜನ್ಮದಲ್ಲಿ ಯಾರ ಮಾತಿಗೂ ಎದುರಾಡದ ಬಂಡೆಪ್ಪ ಎಲ್ಲ ದೂರಿಗೂ "ಹೂನ್ರಿ, ಖರೆ ಐತ್ರಿ" ಎಂದು ಹೇಳಿ ಇಡುತ್ತಿದ್ದ. ಅಷ್ಟು ಒಪ್ಪಿಕೊಳ್ಳುವ ಅಂಗಡಿಯವನನ್ನು ಮುಂಬಯಿಯ ಗಿರಾಕಿಗಳು ಕಂಡಿರಲಿಲ್ಲ. ದೂರು ಹೇಳಿದವನೇ ಮತ್ತೆ ದೂರು ಹೇಳುವುದು ನಿಂತುಹೋಯಿತು. "ನೋಡಿದ್ರ್ಯಾ, ಕಂಪ್ಲೇಂಟ್ ಅರ್ಧಕ್ಕರ್ಧ ಕಡಿಮಿ ಆದ್ವು" ಎಂದು ದೇವಾನಂದ ಹಿಗ್ಗಿದ. ಬೆಲ್ಟು ಕೊಳ್ಳುವುದೂ ಅರ್ಧ ನಿಂತದ್ದನ್ನು ಮೊಬೈಲು ತೋರಿಸುತ್ತಿರಲಿಲ್ಲ.

ಇಷ್ಟರಲ್ಲಿ ಶ್ರಾವಣ ಬಂತು. ಹಂಜಿ ಮನೆತನದ ಯಜಮಾನರು ಶ್ರಾವಣ ಸೋಮವಾರ ಸೂರ್ಯೋದಯದಿಂದ ಸಂಜೆಯ ಪೂಜೆಯವರೆಗೆ ಮೌನದಲ್ಲಿರಬೇಕು. ಹಿರಿಯರ ಕಾಲದಿಂದಲೂ ನಡೆದುಬಂದದ್ದು. ಆ ದಿನ ಅವರು ಮನೆಯಲ್ಲೇ ಇರುತ್ತಿದ್ದರು. ಆಫೀಸನ್ನು ಗುರುಬಾಯಿ ನೋಡಿಕೊಳ್ಳುತ್ತಿದ್ದಳು. ಈ ಸಲ ದೇವಾನಂದ ಅಂತಹ ಅವಲಂಬನೆಯ ಅಗತ್ಯವಿಲ್ಲವೆಂದುಕೊಂಡ. ಬೆರಳಿನಿಂದ ಒತ್ತುವುದಕ್ಕೆ ಬಾಯಿ ಏಕೆ?

ಮೊದಲ ಸೋಮವಾರ ಅವನು ಹಣೆಗೆ ವಿಭೂತಿ ಧರಿಸಿ, ಕೈಯಲ್ಲಿ ಮೊಬೈಲು, ಪಕ್ಕದಲ್ಲಿ ಮಗನ ಹಳೆಯ ಪಾಟಿ, ಬಳಪ ಇಟ್ಟುಕೊಂಡು ತಾಯಿಯ ಎದುರು ಕುಳಿತ. ತಾಯಿ ರಾಚವ್ವನಿಗೆ ಎಂಬತ್ತು ವರ್ಷ. ದಿನವೂ ಹನ್ನೊಂದು ಗಂಟೆಗೆ ಆಫೀಸಿಗೆ ಫೋನು ಮಾಡಿ ಗುರುಬಾಯಿಯೊಡನೆ ನಾಲ್ಕು ಮಾತಾಡದಿದ್ದರೆ ಆಕೆಗೆ ಊಟ ಸೇರದು. ಹೊಸ ವ್ಯವಸ್ಥೆ ಬರುವ ಮೊದಲೇ ಊರಿಗೆ ಹೋಗಿದ್ದವಳು ಹಿಂದಿನ ದಿನವಷ್ಟೇ ಬಂದಿದ್ದಳು. ಎಂದಿನಂತೆ ಫೋನು ಹಚ್ಚಿದಳು.

"ನಮಸ್ಕಾರ. ನಾನು ದೇವಾನಂದ ಹಂಜಿ ಮಾತನಾಡುತ್ತಿದ್ದೇನೆ."

ರಾಚವ್ವ ಫೋನನ್ನು ನೋಡಿದಳು. ಎದುರಿಗೆ ತುಟಿ ಬಿಗಿದು ಕುಳಿತ ಮಗನನ್ನು ನೋಡಿದಳು.

"ಏನೋ ದೇವ್ಯಾ! ಇಲ್ಲಿ ಬಾಯಿ ಮುಚ್ಚಿಕೊಂಡು ಜೋಗೇಶ್ವರಿಯಾಗ ಒದರಾಕತ್ತಿಯಲ್ಲೋ!"

ದೇವಾನಂದ ಅವಸರದಿಂದ ಪಾಟಿಯ ಮೇಲೆ ಬರೆದ: ಮೊದಲೇ ಮಾತಾಡಿ ಇಟ್ಟದ್ದು.

"ನಿನ್ನಿ ಬಡದಿಟ್ಟ ರೊಟ್ಟಿ ಇವತ್ತ ತಿಂದ್ರ ಉಪವಾಸ ಉಳೀತದೇನು?" ಎಂದಳು ರಾಚವ್ವ.

ದೇವಾನಂದ ಬರೆದದ್ದನ್ನು ತೋಳಿನಿಂದ ಒರೆಸಿದ. ವ್ರತ ಮುರಿಯಿತು, ಈ ಸೋಮವಾರ ಲೆಕ್ಕಕ್ಕಿಲ್ಲ, ಶ್ರಾವಣ ಮುಗಿದ ಮೇಲೆ ಒಂದು ಹೆಚ್ಚು ಎಂದು ರಾಚವ್ವ ತೀರ್ಪು ಕೊಟ್ಟಳು.

ಆದ್ದರಿಂದ ಎರಡನೆಯ ಸೋಮವಾರ ದೇವಾನಂದ ತನ್ನ ಧ್ವನಿಯನ್ನು ಅಳಿಸಿಹಾಕಿದ. ಆಫೀಸಿಗೆ ಬರುವ ಎಲ್ಲ ಕರೆಗಳನ್ನೂ ತನ್ನ ಮೊಬೈಲಿಗೇ ತಿರುಗಿಸಿಕೊಂಡ. ತಾನು ಎತ್ತುವುದು, ಕೇಳುವುದು, ಗುಂಡಿ ಒತ್ತಿ ಸರಿಯಾದವರಿಗೆ ಕಳುಹಿಸುವುದು. ಫೋನು ಎತ್ತಿದವನು ಹಲೋ ಎನ್ನಬೇಕಾಗುತ್ತದೆ ಎಂಬ ಒಂದು ಸಣ್ಣ ಸಂಗತಿ ಅವನ ಯೋಜನೆಯಲ್ಲಿ ಬಿಟ್ಟುಹೋಗಿತ್ತು.

ಹತ್ತೂವರೆಗೆ ದೂಜ ಎಂಬಾತ ಫೋನು ಮಾಡಿದ. ಸಾಂತಾಕ್ರೂಜ್‌ನ ಒಂದು ಹೋಟೆಲಿನ ಲಾಂಡ್ರಿಯನ್ನು ನೋಡಿಕೊಳ್ಳುವ ಕರಾವಳಿಯ ಮನುಷ್ಯ. ಇಪ್ಪತ್ತು ವರ್ಷಗಳಿಂದ ಗಿರಾಕಿ. ಹೊರಗೆ ಮಳೆ, ಹೋಟೆಲಿನ ತುಂಬ ಮದುವೆಯ ದಿಬ್ಬಣ, ಬಟ್ಟೆ ಒಣಗಿಸುವ ಯಂತ್ರ ನಿಂತುಹೋಗಿತ್ತು.

"ಹಲೋ? ಹಲೋ! ಎಂತದು ಮಾರಾಯ್ರೆ, ಎತ್ತಿದ ಹಾಗೆ ಆಗ್ತದೆ, ಮಾತೇ ಇಲ್ಲ!"

ದೇವಾನಂದ ಗುಂಡಿ ಒತ್ತಿ ಗೋದಾಮಿಗೆ ಕಳುಹಿಸಿದ. ಗುರುಬಾಯಿ ಆಗ ಬೆಲ್ಟು ಹುಡುಕಲು ಒಳಗೆ ಹೋಗಿದ್ದಳು.

"ನಮ್ಮ ಡ್ರೈಯರ್ ನಿಂತಿದೆ, ಮುನ್ನೂರು ಬೆಡ್‌ಶೀಟ್ ಒದ್ದೆ!"

"ಹೂನ್ರಿ, ಖರೆ ಐತ್ರಿ" ಎಂದು ಬಂಡೆಪ್ಪ ಇಟ್ಟುಬಿಟ್ಟ.

ಮತ್ತೆ ಫೋನು ಬಂತು. ಈ ಸಲ ತಾನು ಇದ್ದೇನೆಂದು ತಿಳಿಸಲು ದೇವಾನಂದ ಕೆಮ್ಮಿದ. ರಾಚವ್ವ ತಲೆಯೆತ್ತಿದಳು.

"ಕೆಮ್ಮುವುದು ಯಾರು? ಹೆಸರು ಹೇಳಿ! ಒಬ್ಬ ಖರೆ ಅಂತ ಹೇಳ್ತಾನೆ, ಒಬ್ಬ ಕೆಮ್ಮುತ್ತಾನೆ. ಇನ್ನು ಹತ್ತು ನಿಮಿಷ ನೋಡ್ತೇನೆ, ಆಮೇಲೆ ನಾನು ಬೇರೆ ಅಂಗಡಿಗೆ ಹೋಗುವವನೇ."

ದೇವಾನಂದ ಬಳಪ ಎತ್ತಿಕೊಂಡ. ಪಾಟಿಯ ಮೇಲೆ 'ನೀ ಮಾತಾಡು' ಎಂದು ಗೀಚಿ ಮೊಬೈಲನ್ನು ತಾಯಿಯ ಕೈಗಿಟ್ಟ.

"ಯಾರಪಾ ನೀ? ಉಂಡಿಯೇನು?" ಎಂದಳು ರಾಚವ್ವ.

"ಎಂತ ಊಟ ಅಮ್ಮ! ಇಲ್ಲಿ ಮಷೀನು ನಿಂತಿದೆ."

"ಅದಕ್ಕ ಗುರುಬಾಯಿ ಬೇಕಲ್ಲೋ. ತಡೀ. ದೇವ್ಯಾ, ಗುರುಬಾಯಿಗೆ ಕೊಡು."

ದೇವಾನಂದ ಮೊಬೈಲಿನಲ್ಲಿ ಹೆಸರು ಹುಡುಕಿದ. ಗುರುಬಾಯಿಯ ಹೆಸರೇ ಇರಲಿಲ್ಲ. ಕಳೆದ ವಾರ ತಾನೇ ಅಳಿಸಿದ್ದ. ಬೇರೆ ದಾರಿ ಕಾಣದೆ ಮತ್ತೆ ಗೋದಾಮಿಗೇ ಕಳುಹಿಸಿದ. ಬಂಡೆಪ್ಪ ಎತ್ತಿದ, "ಹೂನ್ರಿ" ಎನ್ನುವಷ್ಟರಲ್ಲಿ ಬೈಗುಳ ಕೇಳಿಸಿತು. ಅವನು ಫೋನನ್ನು ಕಿವಿಯಿಂದ ದೂರ ಹಿಡಿದು ಕೂಗಿದ: "ಬಾಯಾರ, ಲಗೂ ಬರ್ರಿ! ಇದು ನನ್ನ ಹೂಂ ಅನ್ನೂದ್ರಾಗ ಮುಗಿಯೂ ಹಂಗಿಲ್ಲ!"

ಗುರುಬಾಯಿ ಕೈಯೊರೆಸಿಕೊಂಡು ಬಂದಳು. "ದೂಜಣ್ಣ, ಸಿಟ್ಟ ಆಮ್ಯಾಲ ಮಾಡ್ರಿ. ನಿಲ್ಲೂಕಿಂತ ಮೊದಲ ಹೆಂಗ ಸಪ್ಪಳ ಮಾಡ್ತು?"

"ಗುರುಬಾಯಿಯವರಾ? ದೇವರೇ ಬಂದ ಹಾಗೆ ಆಯ್ತು. ಮೊದಲು ಸೊಂಯ್ ಅಂತ. ಆಮೇಲೆ ಟಪ್ ಟಪ್ ಟಪ್. ಆಮೇಲೆ ಇಲ್ಲ."

"ಟಪ್ ಟಪ್ ಅನ್ನೂವಾಗ ಮಷೀನ್ ತಿರಗತಿತ್ತೇನು?"

"ತಿರುಗ್ತಿತ್ತು, ಕುಂಟ್ತಾ."

"ಜೋಡಿ ಬೆಲ್ಟ್‌ನ್ಯಾಗ ಒಂದ ಹರದು ಇನ್ನೊಂದಕ್ಕ ಬಡದದ. ಎರಡೂ ಬದಲಿ ಮಾಡ್ರಿ. ನಂಬರ್ ಬಿ ಎಪ್ಪತ್ತೆರಡು. ಬಂಡೆಪ್ಪ ರಿಕ್ಷಾದಾಗ ಹೊಂಟ."

ಮಧ್ಯಾಹ್ನಕ್ಕೆ ಯಂತ್ರ ತಿರುಗಿತು, ಶೀಟುಗಳು ಒಣಗಿದವು.

ಮರುದಿನ ಮಾತು ಮರಳಿ ಬಂದ ದೇವಾನಂದ ನೇರವಾಗಿ ಗೋದಾಮಿಗೆ ಹೋದ. "ಬಾಯಾರ, ಈ ಆ್ಯಪ್ ನಿಮ್ಮ ಮೊಬೈಲ್‌ದಾಗ ಹಾಕಸ್ತೀನಿ. ಲೋಕಲ್ ಟ್ರೇನ್‌ದಾಗ ಇರ್ರಿ, ಮನಿಯಾಗ ಇರ್ರಿ, ಎಲ್ಲಿದ್ರೂ ನೀವ ಎತ್ತಬಹುದು."

"ಎಲ್ಲಿದ್ರೂ ಬ್ಯಾಡ್ರಿ ಸಾಹೇಬ್ರ. ಖುರ್ಚಿಯಾಗ ಇದ್ದಾಗ ಎತ್ತತೀನಿ. ಖುರ್ಚಿ ಮೊದಲಿನ ಜಾಗಾದಾಗ ಇಡಸ್ರಿ. ಶ್ರಾವಣ ಮುಗಿದ ಮ್ಯಾಲೂ ಅಲ್ಲೇ ಇರಲಿ."

ಬಂಡೆಪ್ಪ ಹೇಳಿಸಿಕೊಳ್ಳದೆಯೇ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ನಡೆದ. ದೇವಾನಂದ ದಿಂಬನ್ನು ತಾನೇ ಹಿಡಿದುಕೊಂಡು ಹಿಂದೆ ಹೋದ. ಹಾಗೆಂದು ಅವನು ವ್ಯವಸ್ಥೆಯನ್ನು ಕೈಬಿಟ್ಟಿಲ್ಲ. ಮದುವೆ ಮುಂಜಿವೆಗಳಲ್ಲಿ ಸಿಕ್ಕವರಿಗೆಲ್ಲ ಮೊಬೈಲನ್ನು ತೆರೆದು, ಗುರುಬಾಯಿಯ ಹೆಸರಿನ ಮುಂದಿನ ಹಸಿರು ದೀಪವನ್ನು ತೋರಿಸಿ, "ಪೂರಾ ಆಫೀಸ್ ನನ್ನ ಕೈಯಾಗ" ಎನ್ನುತ್ತಾನೆ.

ಆ ಕೆಮ್ಮಿನ ವಿಚಾರಣೆಯೂ ಆಯಿತು. ಅರ್ಥವಿಟ್ಟು ಕೆಮ್ಮಿದರೆ ಅದು ಮಾತೇ ಎಂದು ರಾಚವ್ವ ನಿರ್ಧರಿಸಿ, ಒಂದು ಕೆಮ್ಮಿಗೆ ಒಂದರಂತೆ ಇನ್ನೊಂದು ಸೋಮವಾರವನ್ನು ಸೇರಿಸಿದಳು. ಶ್ರಾವಣ ಮುಗಿದು ಭಾದ್ರಪದ ಬಂದರೂ ಯಜಮಾನನ ಮೌನ ಮುಗಿದಿರಲಿಲ್ಲ. ಆ ಸೋಮವಾರಗಳಲ್ಲಿ ಆಫೀಸಿನಲ್ಲಿ ಕೆಲಸ ಎಷ್ಟು ಹಗುರವಾಗಿ ಸಾಗುತ್ತಿತ್ತೆಂಬುದನ್ನು ಗುರುಬಾಯಿ ನನಗೆ ದಹಿಸರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಹೇಳಿದಳು.

ಕೊನೆಯ ಮೌನ ಸೋಮವಾರ ಹನ್ನೊಂದು ಗಂಟೆಗೆ ಎಂದಿನಂತೆ ರಾಚವ್ವನ ಫೋನು ಬಂದಿತಂತೆ. ಮಾತು ಮುಗಿಯುವ ಹೊತ್ತಿಗೆ, ಎಂದೂ ಎದುರಾಡದ ಬಂಡೆಪ್ಪ ಗುರುಬಾಯಿಯ ಕೈಯಿಂದ ಫೋನು ಇಸಿದುಕೊಂಡು ಬಹಳ ವಿನಯದಿಂದ ಕೇಳಿದನಂತೆ:

"ಅವ್ವಾರ, ಸಾಹೇಬ್ರು ಆವತ್ತ ಕೆಮ್ಮಿದ್ದು ಒಂದ ಸಲಾನೋ, ಎರಡ ಸಲಾನೋ? ದೂಜಣ್ಣ ಎರಡು ಅಂತಾನ್ರಿ."